ಕುಂದಲತೆ ನಂಬದ ರಾತ್ರಿ

ಹುಣಸೂರು ಸೀಮೆಯಲ್ಲಿ ಕಲ್ಲಹಳ್ಳಿ ಎಂದ ಕೂಡಲೇ ಜನರಿಗೆ ದೇವರಾಜ ಅರಸರು ನೆನಪಾಗುತ್ತಾರೆ. ನನಗೆ ನೆನಪಾಗುವವನು ಮೂರನೆಯ ಮಂಗರಸ. ಚಂಗಾಳ್ವರ ಮಂತ್ರಿಮನೆತನದವನು, ಕಲ್ಲಹಳ್ಳಿಯ ಪ್ರಭು, ಜೈನ ಕವಿ. ಹದಿನಾರನೆಯ ಶತಮಾನದ ಆರಂಭದಲ್ಲಿ 'ಜಯನೃಪ ಕಾವ್ಯ', 'ನೇಮಿಜಿನೇಶ ಸಂಗತಿ', 'ಶ್ರೀಪಾಲ ಚರಿತೆ' ಮುಂತಾದವನ್ನು ಬರೆದ. ಅಡುಗೆಯ ಮೇಲಿನ 'ಸೂಪಶಾಸ್ತ್ರ'ವೂ ಅವನದೇ ಎನ್ನುತ್ತಾರೆ. ಇವತ್ತು ಅವನ ಹೆಸರು ಉಳಿದಿರುವುದು ಹೆಚ್ಚಾಗಿ ಆ ಪುಸ್ತಕದಿಂದ. ನನಗೆ ಅದು ಬೇಸರದ ಸಂಗತಿ. ಯಾಕೆಂದರೆ 'ಸಮ್ಯಕ್ತ್ವ ಕೌಮುದಿ' ಬರೆದವನೂ ಅವನೇ.

ಧರ್ಮದಲ್ಲಿ ನಂಬಿಕೆ ಮನುಷ್ಯನಿಗೆ ಹೇಗೆ ಬರುತ್ತದೆ ಎಂಬುದೇ ಈ ಕಾವ್ಯದ ವಸ್ತು. ಕಥೆ ಸಂಸ್ಕೃತದಲ್ಲೂ ಇದೆ. ಕಾರ್ತಿಕದ ಬೆಳುದಿಂಗಳ ಹಬ್ಬ. ಹೆಂಗಸರೆಲ್ಲ ಊರಾಚೆಯ ವನಕ್ಕೆ ಹೋಗಬೇಕು, ಗಂಡಸರು ಊರೊಳಗೇ ಇರಬೇಕು ಎಂದು ರಾಜಾಜ್ಞೆ. ಅರ್ಹದ್ದಾಸನೆಂಬ ಸೆಟ್ಟಿ ಅಪ್ಪಣೆ ಬೇಡಿ, ತನ್ನ ಎಂಟು ಮಂದಿ ಹೆಂಡಿರೊಡನೆ ಮನೆಯಲ್ಲೇ ಜಿನಪೂಜೆಗೆ ಕೂರುತ್ತಾನೆ. ಪೂಜೆ ಮುಗಿದ ಮೇಲೆ ಮಾತು ಹೊರಳಿ, ತಮಗೆ ನಂಬಿಕೆ ಮೂಡಿದ್ದು ಹೇಗೆಂದು ಒಬ್ಬೊಬ್ಬರೂ ಕಥೆ ಹೇಳತೊಡಗುತ್ತಾರೆ. ವೇಷ ಮರೆಸಿಕೊಂಡು ಊರು ಸುತ್ತುತ್ತಿದ್ದ ರಾಜ, ಮಂತ್ರಿ ಇಬ್ಬರೂ ಹೊರಗೆ ನಿಂತು ಕೇಳುತ್ತಾರೆ. ಕದಿಯಲು ಬಂದ ಕಳ್ಳನೂ ಕದಿಯುವುದನ್ನು ಬಿಟ್ಟು ಕೇಳುತ್ತಾನೆ. ಒಂದೊಂದು ಕಥೆ ಮುಗಿದಾಗಲೂ ಮನೆಯವರೆಲ್ಲ 'ನಂಬಿದೆವು' ಎಂದು ತಲೆದೂಗುತ್ತಾರೆ. ಕಿರಿಯವಳಾದ ಕುಂದಲತೆ ಮಾತ್ರ 'ಇದೆಲ್ಲ ಸುಳ್ಳು, ನಾನು ನಂಬುವುದಿಲ್ಲ' ಎನ್ನುತ್ತಾಳೆ. ಇಡೀ ರಾತ್ರಿ ಅದೊಂದೇ ಮಾತು. ಹೊರಗೆ ನಿಂತ ರಾಜನಿಗೆ ಸಿಟ್ಟು ನೆತ್ತಿಗೇರುತ್ತದೆ. ಬೆಳಗಾದ ಮೇಲೆ ಬಂದು ಕೇಳಿದರೆ ಅವಳ ಉತ್ತರ ಹೀಗೆ: ಇಷ್ಟೆಲ್ಲ ಕಣ್ಣಾರೆ ಕಂಡೆವು ಎನ್ನುವ ಇವರು ಸಂಸಾರದಲ್ಲಿ ಹಾಯಾಗಿದ್ದಾರೆ; ನಿಜವಾಗಿ ನಂಬಿದ್ದರೆ ಇರಲಾದೀತೇ? ಹಾಗೆಂದವಳು ಅಲ್ಲಿ ನಿಲ್ಲುವುದಿಲ್ಲ. ಕೇಳಿದ್ದಷ್ಟರಿಂದಲೇ ವೈರಾಗ್ಯ ಹುಟ್ಟಿ ದೀಕ್ಷೆಗೆ ಹೊರಡುತ್ತಾಳೆ. ಉಳಿದವರು ಅವಳ ಹಿಂದೆ ನಡೆಯುತ್ತಾರೆ.

ಗ್ರಂಥ ಓದಿ ನಂಬಿಕೆ ಬಂತು ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ಈ ಹೆಣ್ಣು ನೆನಪಾಗುತ್ತಾಳೆ. ಏಳು ಮಂದಿ ಕಥೆಯನ್ನು ಮೆಚ್ಚಿದರು, ಒಬ್ಬಳು ಕಥೆಯೊಡನೆ ಜಗಳಕ್ಕೆ ನಿಂತಳು. ಶ್ರದ್ಧೆಯಿಂದ ಕೇಳಿದವಳು ಅವಳೇ ಎಂಬುದು ಕವಿಯ ತೀರ್ಪು. ನನ್ನದೂ ಅದೇ.

ಕಲ್ಲಹಳ್ಳಿಯ ಸೀಮೆ ದಾಟಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬಂದರೆ ಈ ಜಗಳವೇ ಪಾಠಕ್ರಮವಾಗಿರುವುದನ್ನು ಕಾಣಬಹುದು. ಮೈಸೂರು ಸರ್ಕಾರ ಕೊಟ್ಟ ಜಮೀನಿನಲ್ಲಿ ಟಿಬೆಟನ್ನರು ಕಾಡು ಕಡಿದು ಊರು ಕಟ್ಟಿದರು. ಪೆನೋರ್ ರಿಂಪೋಚೆ 1963ರಲ್ಲಿ ನಾಮ್ಡ್ರೋಲಿಂಗ್ ಮಠ ಶುರುಮಾಡಿದರು; ಲ್ಹಾಸಾದ ಸೆರಾ ಮಠ ಇಲ್ಲಿ ಮರುಹುಟ್ಟು ಪಡೆದದ್ದು 1970ರ ಹೊತ್ತಿಗೆ. ಪ್ರವಾಸಿಗರು ಚಿನ್ನದ ಬಣ್ಣದ ಬುದ್ಧರ ಮುಂದೆ ಚಿತ್ರ ತೆಗೆಸಿಕೊಂಡು ವಾಪಸಾಗುತ್ತಾರೆ. ಓದಿನ ಹುಚ್ಚಿರುವವರು ಸೆರಾದ ಚರ್ಚಾ ಅಂಗಳದವರೆಗೆ ಹೋಗಬೇಕು. ಒಬ್ಬ ಭಿಕ್ಷು ಕೂತಿರುತ್ತಾನೆ, ಇನ್ನೊಬ್ಬ ಎದುರು ನಿಂತು ಗ್ರಂಥದ ಒಂದು ಮಾತನ್ನು ಹಿಡಿದು ಪ್ರಶ್ನೆ ಎಸೆಯುತ್ತಾನೆ. ಪ್ರತಿ ಪ್ರಶ್ನೆಯ ಕೊನೆಗೆ ಕಾಲು ಅಪ್ಪಳಿಸಿ ಜೋರಾಗಿ ಚಪ್ಪಾಳೆ. ಕೂತವನು ಥಟ್ಟನೆ ಉತ್ತರಿಸಬೇಕು, ಹೇಳಿದ ಮಾತಿಗೆ ಬದ್ಧನಾಗಿರಬೇಕು. ನೂರಾರು ಜನ ಒಟ್ಟಿಗೆ ಹೀಗೆ ವಾದಿಸುವಾಗ ಏಳುವ ಸದ್ದು ದೂರದಿಂದ ಗದ್ದಲದಂತೆ ಕೇಳಿಸುತ್ತದೆ. ಅದು ಅಧ್ಯಯನದ ಸದ್ದು.

ಆದರೆ ಅಲ್ಲಿ ವಾದಕ್ಕೂ ಮೊದಲು ಕೇಳುವಿಕೆ ಇದೆ, ನನಗೆ ಬಹಳ ಹಿಡಿಸಿದ್ದು ಅದು. ಗ್ರಂಥವನ್ನು ಅಧ್ಯಯನ ಮಾಡಬೇಕಾದರೆ ಅದರ 'ಲುಂಗ್' ಪಡೆಯಬೇಕು ಎಂಬುದು ಅವರ ಪದ್ಧತಿ. ತಾನು ಹಿಂದೆ ಹೀಗೇ ಕೇಳಿ ಪಡೆದಿದ್ದ ಗುರು ಇಡೀ ಗ್ರಂಥವನ್ನು ಗಟ್ಟಿಯಾಗಿ ಓದುತ್ತಾನೆ. ಶಿಷ್ಯರು ಕೂತು ಕೇಳುತ್ತಾರೆ. ಅರ್ಥ ಆಮೇಲೆ. ಓದು ಬಹಳ ವೇಗ, ಉದ್ದನೆಯ ಬಿಡಿ ಹಾಳೆಗಳು ಒಂದರ ಮೇಲೊಂದು ಮಗುಚುತ್ತಾ ಹೋಗುತ್ತವೆ. ಬುದ್ಧವಚನಗಳ ಸಂಗ್ರಹವಾದ ಕಾಂಗ್ಯೂರ್ ನೂರಕ್ಕೂ ಹೆಚ್ಚು ಸಂಪುಟ. ಅದನ್ನು ಪೂರ್ತಿ ಹೀಗೆ ಓದಿ ಕೊಡಲು ತಿಂಗಳುಗಳೇ ಬೇಕು. ಮೂಲ ಸಂಸ್ಕೃತದಲ್ಲಿ ಕಳೆದುಹೋದ ಎಷ್ಟೋ ಭಾರತೀಯ ಗ್ರಂಥಗಳು ಟಿಬೆಟನ್ ಅನುವಾದದಲ್ಲಿ ಮಾತ್ರ ಉಳಿದಿವೆ. ಹೊಗೆಸೊಪ್ಪು, ಜೋಳ ಬೆಳೆಯುವ ಪಿರಿಯಾಪಟ್ಟಣದ ಮಗ್ಗುಲಲ್ಲಿ ಅವುಗಳ ಅಧ್ಯಯನ ದಿನವೂ ನಡೆಯುತ್ತದೆ. ನಮ್ಮ ಮೈಸೂರು ಜಿಲ್ಲೆಯ ದೊಡ್ಡ ಭಾಗ್ಯಗಳಲ್ಲಿ ಇದೂ ಒಂದೆಂದು ನಾನು ಎಣಿಸುತ್ತೇನೆ. ಹುಣಸೂರಿನ ಗುರುಪುರದಲ್ಲಿರುವ ಗ್ಯೂಮೆ ತಾಂತ್ರಿಕ ಮಠದ ಭಿಕ್ಷುಗಳ ಕೆಳಸ್ಥಾಯಿಯ ಪಠಣವನ್ನೂ ಒಮ್ಮೆ ಕೇಳಿ. ಆ ದನಿ ಎದೆಗೂಡಿನಲ್ಲಿ ಮೊರೆಯುತ್ತದೆ.

ಕೆ.ಆರ್. ನಗರದ ಕಡೆ ಗ್ರಂಥವನ್ನು ಕೇಳಿ ಕಲಿಯುವ ಕೆಲಸ ಬೇರೆ ರೀತಿಯಲ್ಲಿ ನಡೆದಿದೆ. ಯಡತೊರೆ ಮಠದ ಆಶ್ರಯದ ವೇದಾಂತ ಭಾರತಿ ಊರೂರಿನ ಹೆಂಗಸರಿಗೆ ಸೌಂದರ್ಯಲಹರಿಯ ನೂರು ಶ್ಲೋಕ ಕಲಿಸಿತು. 2017ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಅದರ ಮಹಾಸಮರ್ಪಣೆ ನಡೆಯಿತು. ಬಾಯಿಗೆ ಬಂದ ಶ್ಲೋಕ ಮನಸ್ಸಿಗೂ ಇಳಿಯಲಿ ಎಂಬುದು ನನ್ನ ಆಸೆ. ಪಾರಾಯಣ ಕಲಿತ ಗುಂಪುಗಳು ವಾರಕ್ಕೊಂದು ಶ್ಲೋಕ ಹಿಡಿದು ಅರ್ಥಕ್ಕೂ ಕೂರಬೇಕು.

ಹಳ್ಳಿಗಳಲ್ಲಿ ಹೆಚ್ಚು ಜನರನ್ನು ಪುಸ್ತಕಕ್ಕೆ ಎಳೆದದ್ದು ಇವು ಯಾವುವೂ ಅಲ್ಲ, ಶನಿಮಹಾತ್ಮೆ. ಶನಿವಾರ ರಾತ್ರಿ ಹಾರ್ಮೋನಿಯಂ, ತಬಲ, ಒಬ್ಬ ಓದುವವನು, ಒಬ್ಬ ಅರ್ಥ ಹೇಳುವವನು. ಶಾಲೆಯಲ್ಲಿ ಅಕ್ಷರ ಕಲಿತು ಬಿಟ್ಟವರು ಆ ಪುಸ್ತಕ ಓದಬೇಕೆಂಬ ಹಟಕ್ಕೆ ಮತ್ತೆ ಅಕ್ಷರ ಕೂಡಿಸಿದ್ದುಂಟು. ಅಲ್ಲೂ ಒಬ್ಬ ಸಂದೇಹಿ ಇದ್ದಾನೆ. ಶನಿಯ ಕಥೆ ಕೇಳಿ ನಕ್ಕ ವಿಕ್ರಮಾದಿತ್ಯ ಕೈಕಾಲು ಕಳೆದುಕೊಂಡು ಗಾಣದ ಮನೆ ಸೇರುತ್ತಾನೆ. ಅರ್ಧಕ್ಕೆ ಎದ್ದು ಹೋಗಬಾರದು ಎಂಬ ಭಯ ಇವತ್ತಿಗೂ ಕೇಳುಗರಲ್ಲಿದೆ. ಹೆದರಿಸಿ ನಂಬಿಸುವ ಕಥೆಗಿಂತ ಕುಂದಲತೆಯನ್ನು ಗೆಲ್ಲಲು ಬಿಟ್ಟ ಕಥೆಯೇ ನನಗೆ ಪ್ರಿಯ. ಆದರೂ ಬೆಳಗಾಗುವ ತನಕ ಒಂದು ಊರನ್ನು ಪುಸ್ತಕದ ಸುತ್ತ ಕೂರಿಸುವ ಶಕ್ತಿಗೆ ನಾನು ಕೈಮುಗಿಯುತ್ತೇನೆ. ಎಚ್.ಡಿ. ಕೋಟೆ ಕಡೆಗೆ ಹೋದರೆ ಪುಸ್ತಕವೂ ಬೇಡ. ಮಂಟೇಸ್ವಾಮಿ, ಮಾದೇಶ್ವರರ ಕಾವ್ಯಗಳು ತಂಬೂರಿ, ಕಂಸಾಳೆಗಳ ಜೊತೆ ಬಾಯಿಂದ ಬಾಯಿಗೆ ಬಂದ ಗ್ರಂಥಗಳು. ಒಕ್ಕಲುಗಳಿಗೆ ಅವೇ ವೇದ.

ಮನೆಯಲ್ಲಿ ಓದು ಶುರುಮಾಡಬೇಕೆನ್ನುವವರಿಗೆ ಈ ವಾರ ಒಂದು ಸಲಹೆ: ಲಕ್ಷ್ಮೀಶನ ಜೈಮಿನಿ ಭಾರತ ತನ್ನಿ, ಗಟ್ಟಿಯಾಗಿ ಓದಿ. ಅದರ ವಾರ್ಧಕ ಷಟ್ಪದಿಗೆ ಕಿವಿ ಬೇಗ ಒಗ್ಗುತ್ತದೆ. ಐದೈದು ಮಾತ್ರೆಯ ಗಣ. ಮೊದಲೆರಡು ಸಾಲಿನಲ್ಲಿ ನಾಲ್ಕು ನಾಲ್ಕು ಗಣ, ಮೂರನೆಯದರಲ್ಲಿ ಆರು ಗಣ ಮತ್ತು ಒಂದು ಗುರು. ಅಂದರೆ ಇಪ್ಪತ್ತು, ಇಪ್ಪತ್ತು, ಮೂವತ್ತೆರಡು ಮಾತ್ರೆ. ಉಳಿದ ಮೂರು ಸಾಲೂ ಹೀಗೇ. ಒಟ್ಟು 144. ಉಸಿರನ್ನು ಮೂರನೆಯ ಸಾಲಿಗೆ ಉಳಿಸಿಕೊಳ್ಳಬೇಕು, ಆ ಕೊನೆಯ ಗುರುವಿನ ಮೇಲೆ ನಿಲ್ಲಬೇಕು. ಅರ್ಥವಾಗದ ಪದಕ್ಕೆ ತಡೆಯಬೇಡಿ. ಒಂದು ಸಂಧಿ ಮುಗಿಯುವಷ್ಟರಲ್ಲಿ ಛಂದಸ್ಸೇ ಪದವನ್ನು ಬಿಡಿಸಿ ಕೊಡುತ್ತದೆ.

ಮೊದಲಿಗೆ ಚಂದ್ರಹಾಸನ ಕಥೆ ಒಳ್ಳೆಯದು. ಬೀದಿಯಲ್ಲಿ ಬೆಳೆದ ಅನಾಥ ಹುಡುಗ. ಸಿಕ್ಕ ಸಾಲಿಗ್ರಾಮವನ್ನು ಬಾಯಲ್ಲಿಟ್ಟುಕೊಂಡು ತಿರುಗುವ ಮುಗ್ಧ ಭಕ್ತ. ಅವನಿಗೆ ವಿಷ ಕೊಡಬೇಕೆಂಬ ಪತ್ರವನ್ನು ಮಂತ್ರಿಯೊಬ್ಬ ಅವನ ಕೈಯಲ್ಲೇ ಕಳಿಸುತ್ತಾನೆ. ಹುಡುಗ ಉದ್ಯಾನದಲ್ಲಿ ಮಲಗಿದ್ದಾಗ ಆ ಮಂತ್ರಿಯ ಮಗಳು ವಿಷಯೆ ಆ ಓಲೆಯನ್ನು ಬಿಡಿಸಿ ಓದಿ, ಅಕ್ಷರ ತಿದ್ದಿ, ವಿಷ ಇದ್ದಲ್ಲಿ ತನ್ನ ಹೆಸರೇ ಬರುವಂತೆ ಮಾಡುತ್ತಾಳೆ. ಓದು ಬರುತ್ತಿದ್ದ ಒಬ್ಬ ಹುಡುಗಿಯಿಂದ ಭಕ್ತನ ಜೀವ ಉಳಿಯುತ್ತದೆ. ಆ ಭಾಗ ಬಂದಾಗ ಗತಿ ಇಳಿಸಿ. ಕೇಳುವವರಲ್ಲಿ ಯಾರಾದರೂ 'ಇದು ಹೇಗೆ ಸಾಧ್ಯ, ನಾನು ನಂಬುವುದಿಲ್ಲ' ಎಂದರೆ ಸುಮ್ಮನಾಗಿಸಬೇಡಿ. ಪುಸ್ತಕವನ್ನು ಅವರ ಕೈಗೆ ಕೊಟ್ಟು ಮುಂದಿನ ಪದ್ಯ ಅವರಿಂದಲೇ ಓದಿಸಿ.