ಬೇಥಾನ್ಯದ ತೈಲ: ಅಭಿಷೇಕವೋ, ಅಭ್ಯಂಜನವೋ?

ಕ್ರೈಸ್ತ ವೇದದಲ್ಲಿ ತೈಲದ ಪ್ರಸ್ತಾಪ ಬಂದೆಡೆಯಲ್ಲೆಲ್ಲ ಕನ್ನಡ ವಾಚಕನ ಮನಸ್ಸಿಗೆ ‘ಅಭಿಷೇಕ’ವೆಂಬ ಒಂದೇ ಮಾತು ಹೊಳೆಯುವುದು ಸಹಜ. ಮೂಲದಲ್ಲಾದರೋ ಭೇದವಿದೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ‘ಖ್ರಿಯೊ’ ಎಂಬ ಧಾತುವು ದೇವರು ಒಬ್ಬನನ್ನು ತನ್ನ ಕಾರ್ಯಕ್ಕೆ ನಿಯಮಿಸುವುದನ್ನು ಸೂಚಿಸುತ್ತದೆ. ‘ಕ್ರಿಸ್ತ’ ಶಬ್ದವು ಹುಟ್ಟಿದುದು ಇದರಿಂದಲೇ. ‘ಅಲೈಫೊ’ ಎಂಬುದು ಮೈಗೆ ಎಣ್ಣೆ ಹಚ್ಚುವ ಕ್ರಿಯೆ. ಮಾರ್ಕನ 6ನೆಯ ಅಧ್ಯಾಯದಲ್ಲಿ ಶಿಷ್ಯರು ರೋಗಿಗಳಿಗೆ ಮಾಡಿದುದೂ, ಯಾಕೋಬನ ಪತ್ರಿಕೆಯಲ್ಲಿ ಸಭೆಯ ಹಿರಿಯರಿಗೆ ವಿಧಿಸಿರುವುದೂ ಎರಡನೆಯದೇ. ಈ ಭೇದವನ್ನು ತೋರಿಸಲು ಕನ್ನಡದಲ್ಲಿ ಪದವಿಲ್ಲವೆಂದಲ್ಲ. ಸುರಿಯುವುದೆಂಬ ಅರ್ಥದ ಸಿಚ್ ಧಾತುವಿನಿಂದ ಬಂದ ಅಭಿಷೇಕಕ್ಕೆ ಎದುರಾಗಿ, ಬಳಿಯುವುದೆಂಬ ಅರ್ಥದ ಅಂಜ್ ಧಾತುವಿನ ‘ಅಭ್ಯಂಜನ’ವು ಮನೆಮನೆಯ ಮಾತಾಗಿದೆ. ವಿಚಿತ್ರವೆಂದರೆ, ‘ಮೆಸ್ಸೀಯ’ ಪದಕ್ಕೆ ಮೂಲವಾದ ಹೀಬ್ರೂ ಧಾತುವಿಗೂ ಬಳಿಯುವುದೆಂದೇ ಅರ್ಥ. ವ್ಯುತ್ಪತ್ತಿಯಿಂದ ಅದು ಅಭ್ಯಂಜನಕ್ಕೆ ಹತ್ತಿರ, ರೂಢಿಯಿಂದ ಅಭಿಷೇಕಕ್ಕೆ. 23ನೆಯ ಕೀರ್ತನೆಯ ಔತಣದಲ್ಲಿ ತಲೆಗೆ ದೊರೆಯುವ ತೈಲಕ್ಕೆ ಕವಿಯು ಆ ಧಾತುವನ್ನು ಬಳಸಿಲ್ಲ. ಅದು ಅತಿಥಿಸತ್ಕಾರ, ಪಟ್ಟವಲ್ಲ. ಲೂಕನ 7ನೆಯ ಅಧ್ಯಾಯದ ಫರಿಸಾಯನು ತನ್ನ ಅತಿಥಿಗೆ ಮಾಡದೆ ಬಿಟ್ಟ ಉಪಚಾರವೂ ಇದೇ.

ಹೀಗಿರಲಾಗಿ, ಮಾರ್ಕನ 14ನೆಯ ಅಧ್ಯಾಯದ ಪ್ರಸಂಗವು ವಿಶೇಷವಾದ ಪರಿಶೀಲನೆಗೆ ಅರ್ಹವಾಗಿದೆ. ಬೇಥಾನ್ಯದಲ್ಲಿ ಕುಷ್ಠರೋಗಿಯೆನಿಸಿದ ಸೀಮೋನನ ಮನೆ. ಯೇಸು ಊಟಕ್ಕೆ ಕುಳಿತಿದ್ದಾನೆ. ಹೆಂಗಸೊಬ್ಬಳು ಜಟಾಮಾಂಸಿ ತೈಲದ ಭರಣಿಯನ್ನು ಒಡೆದು ಅವನ ತಲೆಯ ಮೇಲೆ ಸುರಿಯುತ್ತಾಳೆ. ಜಟಾಮಾಂಸಿಯು ಹಿಮಾಲಯದ ಗಿಡ. ಅಷ್ಟು ದೂರದ ಪದಾರ್ಥಕ್ಕೆ 300 ದೆನಾರಿಗೂ ಮಿಕ್ಕ ಬೆಲೆಯೆಂದು ಅಲ್ಲಿದ್ದವರು ಗೊಣಗುವುದು ಆಶ್ಚರ್ಯವಲ್ಲ. ಮತ್ತಾಯನ ದ್ರಾಕ್ಷಿತೋಟದ ಸಾಮ್ಯದಂತೆ ಒಂದು ದೆನಾರಿಯು ಕೂಲಿಯಾಳಿನ ಒಂದು ದಿನದ ಸಂಬಳ.

ತಲೆಯ ಮೇಲೆ ಸುರಿಯುವುದು ಅರಸರಿಗೆ ಸಲ್ಲುವ ಕ್ರಿಯೆ. ಸಮುವೇಲನು ಸೌಲನಿಗೆ ಮಾಡಿದುದು ಇದನ್ನೇ. ಒಳಕೋಣೆಯಲ್ಲಿ ಗುಟ್ಟಾಗಿ ಯೇಹುವಿಗೆ ಆದುದೂ ಇದೇ. ಆದರೆ ಮಾರ್ಕನು ಇಲ್ಲಿ ಖ್ರಿಯೊ ಎನ್ನುವುದಿಲ್ಲ, ಅಲೈಫೊ ಎನ್ನುವುದಿಲ್ಲ. ಕಥಕನ ಮಾತಿನಲ್ಲಿ ಬರಿಯ ‘ಸುರಿದಳು’. ಯೇಸುವಿನ ಮಾತಿನಲ್ಲಿ, ಹೂಳುವುದಕ್ಕಾಗಿ ದೇಹಕ್ಕೆ ಮುಂಗಡವಾಗಿ ಪರಿಮಳ ಲೇಪಿಸಿದಳೆಂಬ ಅರ್ಥದ ಬೇರೊಂದು ಪದ. ಕೈಯ ಕ್ರಿಯೆ ಪಟ್ಟದ್ದು, ಬಾಯ ಅರ್ಥ ಶವಸಂಸ್ಕಾರದ್ದು. ಇದನ್ನು ಪಟ್ಟಾಭಿಷೇಕವೆಂದಷ್ಟೇ ಓದುವುದೂ ಪ್ರೇತಲೇಪನವೆಂದಷ್ಟೇ ಓದುವುದೂ ಅರ್ಧ ಓದು. ಇವನ ರಾಜ್ಯಕ್ಕೆ ಮರಣವೇ ಬಾಗಿಲೆಂಬುದನ್ನು ಮಾರ್ಕನು ವ್ಯಾಖ್ಯಾನಿಸದೆ ಪದಗಳ ಘರ್ಷಣೆಗೇ ಬಿಟ್ಟಿದ್ದಾನೆ. ಯೋಹಾನನು ತೈಲವನ್ನು ಪಾದಗಳಿಗೆ ಇಳಿಸಿ, ಅವಳಿಗೆ ಮರಿಯಳೆಂಬ ಹೆಸರು ಕೊಟ್ಟು, ಅಲೈಫೊ ಧಾತುವನ್ನೇ ಬಳಸುತ್ತಾನೆ. ಅಲ್ಲಿ ಭಕ್ತಿ ಹೆಚ್ಚಿತು. ಪಟ್ಟದ ಧ್ವನಿ ಅಡಗಿತು. ಮಾರ್ಕನಲ್ಲಿ ಅವಳ ಕೃತ್ಯವನ್ನು ಲೋಕವೆಲ್ಲ ನೆನೆಯುವುದೆಂಬ ಮಾತಿದೆ, ಹೆಸರು ಮಾತ್ರ ಇಲ್ಲ.

ಅಲೈಫೊ ಧಾತುವು ಮಾರ್ಕನಲ್ಲಿ ಮತ್ತೆ ಬರುವುದು 16ನೆಯ ಅಧ್ಯಾಯದ ಮೊದಲಲ್ಲಿ. ಮೂವರು ಸ್ತ್ರೀಯರು ಸುಗಂಧದ್ರವ್ಯಗಳನ್ನು ಕೊಂಡು ಸಮಾಧಿಗೆ ಹೋಗುತ್ತಾರೆ. ಹಚ್ಚಬೇಕೆಂದಿದ್ದ ದೇಹ ಅಲ್ಲಿಲ್ಲ. ಆ ಸುವಾರ್ತೆಯ ಮಟ್ಟಿಗೆ ಯೇಸುವಿನ ದೇಹಕ್ಕೆ ದೊರೆತ ತೈಲ ಬೇಥಾನ್ಯದ್ದೊಂದೇ.