ಪಿಂಚ್ ಹಾರ್ಮೋನಿಕ್‌ಗೆ ಆಂಪ್ ಹದಗೊಳಿಸುವುದು

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಪಿಕ್ ತಂತಿಯನ್ನು ಮೀಟಿದ ಮರುಕ್ಷಣವೇ, ಪಿಕ್ ಹಿಡಿದ ಹೆಬ್ಬೆರಳಿನ ಅಂಚು ಅದೇ ತಂತಿಗೆ ಸೋಕಿದರೆ ಮೂಲಸ್ವರ ಅಡಗಿ, ಅದರೊಳಗಿನ ಒಂದು ಹಾರ್ಮೋನಿಕ್ ಚೀರಿಕೊಂಡು ಮೇಲೇಳುತ್ತದೆ. ಇದೇ ಪಿಂಚ್ ಹಾರ್ಮೋನಿಕ್. ಯಾವ ಹಾರ್ಮೋನಿಕ್ ಏಳುತ್ತದೆ ಎಂಬುದನ್ನು ಬೆರಳು ಸೋಕಿದ ಜಾಗ ನಿರ್ಧರಿಸುತ್ತದೆ. ಮೂರನೆಯ ತಂತಿಯನ್ನು ಯಾವ ಫ್ರೆಟ್ಟನ್ನೂ ಒತ್ತದೆ ಮೀಟಿದಾಗ ಅದು ಸೆಕೆಂಡಿಗೆ 196 ಸಲ ಕಂಪಿಸುತ್ತದೆ. ಅದರ ಹಾರ್ಮೋನಿಕ್‌ಗಳು 392, 588, 784, 980. ಮೂಲವನ್ನು ಷಡ್ಜ ಎಂದಿಟ್ಟುಕೊಂಡರೆ ಇವು ಕ್ರಮವಾಗಿ ಮೇಲಿನ ಷಡ್ಜ, ಅದರ ಪಂಚಮ, ಇನ್ನೂ ಮೇಲಿನ ಷಡ್ಜ, ಅಂತರ ಗಾಂಧಾರ. ತಂಬೂರಿಯ ಮಂದ್ರ ತಂತಿಯಲ್ಲಿ ಸ್ವಯಂಭೂ ಗಾಂಧಾರವನ್ನು ಕೇಳಿ ಪಳಗಿದ ಕಿವಿಗೆ ಕೊನೆಯದರ ಗುರುತು ಬೇಗ ಸಿಗುತ್ತದೆ.

ಆಂಪ್ ಈ ದನಿಯನ್ನು ಹುಟ್ಟಿಸುವುದಿಲ್ಲ, ಕೈ ಹುಟ್ಟಿಸಿದ್ದನ್ನು ಎತ್ತಿ ಕೊಡುತ್ತದೆ. ಆದ್ದರಿಂದ ಅಭ್ಯಾಸ ಕ್ಲೀನ್ ಚಾನೆಲ್‌ನಲ್ಲೇ ಶುರುವಾಗಬೇಕು. ಅಲ್ಲಿ ಸಣ್ಣಗಾದರೂ ಹಾರ್ಮೋನಿಕ್ ಕೇಳಿಸಿದರೆ ಹೆಬ್ಬೆರಳು ಸರಿಯಾದ ಜಾಗದಲ್ಲಿದೆ ಎಂದರ್ಥ.

ಆಮೇಲೆ ಗೇನ್. ಗೇನ್ ಏರಿದಂತೆ ಆಂಪ್ ಜೋರು ದನಿಯ ತಲೆ ಕತ್ತರಿಸಿ, ಕ್ಷೀಣ ದನಿಯನ್ನು ಅದರ ಹತ್ತಿರಕ್ಕೆ ತರುತ್ತದೆ. ತಂತಿಯಲ್ಲಿ ದುರ್ಬಲವಾಗಿದ್ದ ಹಾರ್ಮೋನಿಕ್ ತುಂಬು ಸ್ವರದಷ್ಟೇ ಗಟ್ಟಿಯಾಗುವುದು, ಬೇಗ ಆರದೆ ನಿಲ್ಲುವುದು ಇದರಿಂದಲೇ. ಹತ್ತರವರೆಗಿನ ನಾಬ್‌ನಲ್ಲಿ 6 ಅಥವಾ 7 ಸಾಕು. ಪೂರ್ತಿ ತಿರುಗಿಸಿದರೆ ಪಕ್ಕದ ತಂತಿಗಳ ಸದ್ದು, ಪಿಕಪ್‌ನ ಗುಂಯ್‌ಗಾರ ಎರಡೂ ಮುಂದೆ ಬಂದು ಹಾರ್ಮೋನಿಕ್‌ನ ಅಂಚು ಮಸುಕಾಗುತ್ತದೆ.

ಹೊಸಬರು ಹೆಚ್ಚು ಎಡವುವುದು ಮಿಡ್ ನಾಬ್‌ನಲ್ಲಿ. ಮಿಡ್ ಇಳಿಸಿ ಬಾಸ್, ಟ್ರೆಬಲ್ ಏರಿಸಿದ ದನಿ ಕೋಣೆಯಲ್ಲಿ ಒಬ್ಬರೇ ನುಡಿಸುವಾಗ ಭರ್ಜರಿಯಾಗಿರುತ್ತದೆ. ಡ್ರಮ್ಸ್, ಬಾಸ್ ಗಿಟಾರ್ ಜೊತೆಯಾದ ಕೂಡಲೇ ಗಿಟಾರ್ ಕಾಣೆಯಾಗುತ್ತದೆ, ಮೇಲೆ ಹೇಳಿದ 588, 784ರ ಸುತ್ತಲಿನ ದನಿಗಳೂ ಮುಳುಗುತ್ತವೆ. ಮಿಡ್ 6ರ ಮೇಲಿರಲಿ, ಟ್ರೆಬಲ್ ಅದರ ಆಸುಪಾಸು, ಬಾಸ್ 4. ಪ್ರೆಸೆನ್ಸ್ ಕೊನೆಗೆ: ಒಂದೇ ಹಾರ್ಮೋನಿಕ್ಕನ್ನು ಮತ್ತೆ ಮತ್ತೆ ಮೀಟುತ್ತಾ ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ, ಕಿವಿ ಚುಚ್ಚುವ ಮುನ್ನ ನಿಲ್ಲಿಸಬೇಕು.

ಗಿಟಾರ್‌ನ ಟೋನ್ ನಾಬ್ ಪೂರ್ತಿ ತೆರೆದಿರಬೇಕು, ಪಿಕಪ್ ಬ್ರಿಡ್ಜ್ ಬಳಿಯದಾಗಿರಬೇಕು. 22 ಫ್ರೆಟ್‌ಗಳ ಅನೇಕ ಗಿಟಾರ್‌ಗಳಲ್ಲಿ ನೆಕ್ ಪಿಕಪ್ ಇರುವುದು ತಂತಿಯ ಕಾಲುಭಾಗದ ಬಿಂದುವಿನ ಆಸುಪಾಸಿನಲ್ಲಿ. ಫ್ರೆಟ್ ಒತ್ತದ ತಂತಿಯ ನಾಲ್ಕನೆಯ ಹಾರ್ಮೋನಿಕ್ (ಮೂರನೆಯ ತಂತಿಯಲ್ಲಿ 784) ಏಳುವಾಗ ಆ ಬಿಂದು ಹೆಚ್ಚುಕಡಿಮೆ ನಿಶ್ಚಲವಾಗಿರುತ್ತದೆ. ಅಲುಗದ ತಂತಿಯಿಂದ ಪಿಕಪ್ ಏನನ್ನೂ ಹಿಡಿಯಲಾರದು.

ಕೇಳಿ ಕಲಿಯಲು ಝಡ್‌ಝಡ್ ಟಾಪ್ ತಂಡದ 1973ರ ‘ಲಾ ಗ್ರಾಂಜ್’ ಒಳ್ಳೆಯ ಆರಂಭ. ಅದರಲ್ಲಿ ಬಿಲ್ಲಿ ಗಿಬ್ಬನ್ಸ್ ಹಾರ್ಮೋನಿಕ್‌ಗಳನ್ನು ಬ್ಲೂಸ್ ಮಾತಿನ ನಡುವೆ ಚಿಮ್ಮಿಸುತ್ತಾರೆ. ಓಝಿ ಆಸ್ಬರ್ನ್ ಅವರ 1991ರ ‘ನೋ ಮೋರ್ ಟಿಯರ್ಸ್’ ಆಲ್ಬಮ್‌ನಲ್ಲಿ ಝಾಕ್ ವೈಲ್ಡ್ ಅದೇ ದನಿಯನ್ನು ಅಗಲವಾದ ವೈಬ್ರಾಟೊದಿಂದ ತೂಗಾಡಿಸುತ್ತಾರೆ. ವೈಲ್ಡ್ ಹೆಸರಿನೊಂದಿಗೆ ಬೆಸೆದುಕೊಂಡದ್ದು ಮಾರ್ಷಲ್ ಜೆಸಿಎಂ800 ಎಂಬ ವಾಲ್ವ್ ಆಂಪ್. ಪ್ಯಾಂಟೆರಾದ ಡೈಮ್‌ಬ್ಯಾಗ್ ಡಾರೆಲ್ ತಮ್ಮ ಹೆಸರಾಂತ ಚೀರುದನಿಗಳನ್ನು ತೆಗೆದದ್ದು ರಾಂಡಾಲ್‌ನ ಟ್ರಾನ್ಸಿಸ್ಟರ್ ಆಂಪ್‌ಗಳಿಂದ. ವಾಲ್ವ್ ಇಲ್ಲವೆಂದು ಹೊಸಬರು ಹಿಂಜರಿಯಬೇಕಿಲ್ಲ.