ನೆಟಾಲಿನ ಸನ್ನದು: ಗಾಂಧೀಜಿಯವರ ಆತ್ಮಕಥೆಯ ಒಂದು ಪ್ರಕರಣ

ಗಾಂಧೀಜಿಯವರ ಆತ್ಮಕಥೆಯ ಎರಡನೆಯ ಭಾಗದಲ್ಲಿ, ನೆಟಾಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ವಕೀಲಿ ನಡೆಸಲು ಅವರು 1894ರಲ್ಲಿ ಸನ್ನದು ಪಡೆದ ವೃತ್ತಾಂತ ಬರುತ್ತದೆ. ಓದುಗನ ನೆನಪಿನಲ್ಲಿ ನಿಲ್ಲುವುದು ಅದರ ಕೊನೆಯ ಮುಂಡಾಸಿನ ಪ್ರಸಂಗ. ಆದರೆ ವಿಮರ್ಶಕನಿಗೆ ಅದಕ್ಕೆ ಮುಂಚಿನ ಭಾಗವೇ ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ.

ಪರದೇಶದ ವಕೀಲರೆಂಬ ಮಾತು ಗಾಂಧೀಜಿಯವರಿಗೆ ಪೂರ್ತಿಯಾಗಿ ಒಪ್ಪುವುದಿಲ್ಲ. ಅವರು 1891ರ ಜೂನ್ 10ರಂದು ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದವರು. ನೆಟಾಲಿನ ಬಿಳಿಯರಂತೆ ಅದೇ ಸಾಮ್ರಾಜ್ಯದ ಪ್ರಜೆ. ಆದರೂ ವಕೀಲರ ಸಂಘ ವಿರೋಧಿಸಿತು. ಇಂಗ್ಲೆಂಡಿನ ಮೂಲ ಪ್ರಮಾಣಪತ್ರ ಅರ್ಜಿಯೊಡನೆ ಇಲ್ಲವೆಂಬುದು ಒಂದು ಆಕ್ಷೇಪಣೆ. ಅದನ್ನು ಅವರು ಮುಂಬಯಿ ಹೈಕೋರ್ಟಿಗೆ ಒಪ್ಪಿಸಿದ್ದರು. ನಿಜವಾದ ಆಕ್ಷೇಪಣೆ ಬೇರೆಯದು: ನಿಯಮಗಳನ್ನು ರಚಿಸಿದಾಗ ಬಿಳಿಯನಲ್ಲದವನು ಅರ್ಜಿ ಹಾಕಬಹುದೆಂಬ ಕಲ್ಪನೆಯೇ ಇರಲಿಲ್ಲವೆಂಬುದು.

ಶೀಲದ ಪ್ರಮಾಣಪತ್ರದ ಪ್ರಸಂಗವಂತೂ ಬಹು ಸೂಕ್ಷ್ಮವಾದುದು. ಗಾಂಧೀಜಿ ಇಬ್ಬರು ಐರೋಪ್ಯ ವರ್ತಕರ ಪತ್ರಗಳನ್ನು ಲಗತ್ತಿಸಿದ್ದರು. ಅವರಿಗೆ ಪರಿಚಯವಾದದ್ದು ದಾದಾ ಅಬ್ದುಲ್ಲಾರ ಮೂಲಕ. ವಕೀಲರ ಸಂಘದ ಪರವಾಗಿ ನಿಂತ ವಕೀಲರು ಅಬ್ದುಲ್ಲಾರ ಪ್ರಮಾಣಪತ್ರವನ್ನೇ ಕೇಳಿದರು. ಗಾಂಧೀಜಿಗೆ ಕೋಪ ಬಂತು: ಅದನ್ನೇ ಮೊದಲು ತಂದಿದ್ದರೆ ಐರೋಪ್ಯರ ಪತ್ರ ಬೇಕೆನ್ನುತ್ತಿದ್ದರಲ್ಲವೆ? ಕೋಪವನ್ನು ನುಂಗಿ ಕೇಳಿದ್ದನ್ನು ಒದಗಿಸಿದರು. ಯಾವ ನಿಯಮದಲ್ಲಿಯೂ ಬರೆದಿರದ ಅಡ್ಡಿಗಳು ಎಲ್ಲಿರುತ್ತವೆಂಬುದನ್ನು ಈ ನಾಲ್ಕಾರು ವಾಕ್ಯಗಳು ತೋರಿಸಿಕೊಡುತ್ತವೆ.

ಮುಖ್ಯ ನ್ಯಾಯಾಧೀಶರು ಆಕ್ಷೇಪಣೆಯನ್ನು ತಳ್ಳಿಹಾಕಿದರು. ಕಾನೂನು ಬಿಳಿಯ, ಕರಿಯ ಎಂಬ ಭೇದ ಮಾಡಿಲ್ಲವಾದ್ದರಿಂದ ತಡೆಯುವ ಅಧಿಕಾರ ತಮಗಿಲ್ಲವೆಂದರು. ಇದನ್ನು ಔದಾರ್ಯವೆಂದು ಓದುವುದು ಸರಿಯಲ್ಲ. ತೀರ್ಪು ನಿಂತಿರುವುದು ನಿಯಮದ ಮೌನದ ಮೇಲೆ. ಆ ಮೌನವಿಲ್ಲದೆಡೆ ಏನಾಗುತ್ತಿತ್ತೆಂಬುದಕ್ಕೆ ಅದೇ ಕಾಲದ ಕ್ಯಾಲಿಫೋರ್ನಿಯ ನಿದರ್ಶನ. ಚೀನಾದಲ್ಲಿ ಹುಟ್ಟಿ ಕೊಲಂಬಿಯಾದಲ್ಲಿ ಕಾನೂನು ಓದಿದ ಹಾಂಗ್ ಯೆನ್ ಚಾಂಗ್ 1888ರಲ್ಲಿ ನ್ಯೂಯಾರ್ಕಿನಲ್ಲಿ ವಕೀಲರಾಗಿದ್ದರು. 1890ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯ, ಚೀನೀಯರಿಗೆ ಪೌರತ್ವ ಕೊಡಕೂಡದೆಂದು ಶಾಸನವೇ ಹೇಳುವುದರಿಂದ ಅವರ ಪೌರತ್ವ ಊರ್ಜಿತವಲ್ಲವೆಂದು ಸನ್ನದನ್ನು ನಿರಾಕರಿಸಿತು. ಅವರು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, 2015ರಲ್ಲಿ, ಅದೇ ನ್ಯಾಯಾಲಯ ಅವರನ್ನು ವಕೀಲರೆಂದು ಅಂಗೀಕರಿಸಿತು.

ಇನ್ನು ಮುಂಡಾಸು. ಹಿಂದಿನ ವರ್ಷ ಡರ್ಬನ್ನಿನ ಮ್ಯಾಜಿಸ್ಟ್ರೇಟರ ಎದುರು ತೆಗೆಯಲೊಪ್ಪದೆ ಹೊರನಡೆದವರು ಈಗ ಪ್ರಮಾಣವಚನ ಸ್ವೀಕರಿಸಿದ ಕೂಡಲೆ, ವಕೀಲರ ಉಡುಪಿನ ನಿಯಮಕ್ಕೆ ಒಳಪಡಬೇಕೆಂಬ ಮುಖ್ಯ ನ್ಯಾಯಾಧೀಶರ ಅಪ್ಪಣೆಯಂತೆ ತೆಗೆದರು. ಪ್ರತಿಭಟಿಸಿದ್ದರೂ ತಪ್ಪಾಗುತ್ತಿರಲಿಲ್ಲ, ದೊಡ್ಡ ಹೋರಾಟಗಳಿಗೆ ಶಕ್ತಿಯನ್ನು ಉಳಿಸಿಕೊಂಡೆ ಎಂಬುದು ಅವರ ಸಮಾಧಾನ. ಮಿತ್ರರಿಗೆ ಅದು ಸಾಲಲಿಲ್ಲ; ನನಗೂ ಸಾಲದು. ಡರ್ಬನ್ನಿನಲ್ಲಿ ಅವರು ಬರಿಯ ಪ್ರೇಕ್ಷಕರು, ಇಲ್ಲಿ ಆ ನ್ಯಾಯಾಲಯಕ್ಕೇ ಸೇರಿದವರು. ಈ ಭೇದ ನ್ಯಾಯಾಧೀಶರ ಬಾಯಲ್ಲಿಯೇ ಬಂದಿದೆ.

ಅಧ್ಯಾಯದಲ್ಲಿ ಗೆಲವಿನ ಸಂಭ್ರಮ ಕಾಣದು. ಇದನ್ನು ಓದುವಾಗ ಬರವಣಿಗೆಯ ಕಾಲವನ್ನು ಮರೆಯಬಾರದು: ಆತ್ಮಕಥೆ ‘ನವಜೀವನ’ದಲ್ಲಿ ಬರತೊಡಗಿದ್ದು 1925ರಲ್ಲಿ. ರಾಜದ್ರೋಹದ ಶಿಕ್ಷೆಯಾದ ಕಾರಣ ಇನ್ನರ್ ಟೆಂಪಲ್ 1922ರಲ್ಲಿಯೇ ಅವರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿತ್ತು. ಮತ್ತೆ ಸೇರಿಸಿದ್ದು 1988ರಲ್ಲಿ.